ಏನೂ ಕೊಡದ ಕಾವಲು

ಇದು ನಡೆದದ್ದು ಮಳೆ ಮುಗಿದು ರಾಗಿ ತೆನೆ ಕಟ್ಟುವ ಕಾಲದಲ್ಲಿ, ಒಬ್ಬ ಅರಸ ಪಟ್ಟಕ್ಕೆ ಬಂದ ಒಂಬತ್ತನೇ ವರ್ಷ. ಯಾವ ಸೀಮೆ ಅಂತ ಕೇಳಬೇಡಿ. ಯಾವ ಅರಸ ಅಂತಲೂ ಕೇಳಬೇಡಿ. ಸೀಮೆಗೆ ಹೆಸರಿತ್ತು, ಹೇಳುತ್ತಾ ಬಂದವರು ಮರೆತರು. ಊರಿನ ಹೆಸರು ಮಾತ್ರ ಉಳಿದಿದೆ. ಕವಳೇಹಳ್ಳಿ.

ಕವಳೇಹಳ್ಳಿಯ ಮಗ್ಗುಲಿಗೆ ಒಂದು ಕಾವಲು. ಕಾವಲು ಅಂದರೆ ಯಾರೊಬ್ಬರದೂ ಅಲ್ಲದ, ಎಲ್ಲರದೂ ಆದ ಹುಲ್ಲುಗಾವಲು. ಎಷ್ಟು ದೊಡ್ಡದು? ಬೆಳಿಗ್ಗೆ ಈ ತುದಿಯಲ್ಲಿ ಬಾಯಿ ಹಾಕಿದ ದನ ಮೇಯುತ್ತ ಮೇಯುತ್ತ ಆ ತುದಿ ಮುಟ್ಟುವಾಗ ಸಂಜೆ. ಅಷ್ಟು ದೊಡ್ಡದು. ಮೊಣಕಾಲೆತ್ತರದ ಹುಲ್ಲು, ನಡುನಡುವೆ ಈಚಲು, ಅಂಚಿಗೆ ಕವಳೆ ಹಣ್ಣಿನ ಪೊದೆ, ತಗ್ಗಿನಲ್ಲಿ ಒಂದು ನೀರಿನ ಕಟ್ಟೆ.

ಅಲ್ಲಿ ಊರ ದನ ಕಾಯುವವಳು ಮಾಳಕ್ಕ. ಗಂಡ ತೀರಿಕೊಂಡ ಮೇಲೆ ಅವನ ಕೋಲು ಹಿಡಿದವಳು, ಹದಿನೆಂಟು ವರ್ಷ ಕೈಬಿಟ್ಟಿರಲಿಲ್ಲ. ತಿಂಗಳಿಗೆ ಮನೆಗೊಂದು ಸೇರು ರಾಗಿ, ಅದೇ ಅವಳ ಹಿಟ್ಟು. ಅವಳಿಗೆ ಹೊಲವಿಲ್ಲ, ತೋಟವಿಲ್ಲ. ಕಾವಲು ಇತ್ತು.

ಇನ್ನು ಆ ಊರಿನ ಪದ್ಧತಿ ಕೇಳಿ. ಅರಮನೆ ಕಡೆಯವರು ಬಂದು ಏನೇ ವಿಚಾರಿಸಲಿ, "ಏನೂ ಇಲ್ಲ ಬುದ್ಧಿ" ಅನ್ನಬೇಕು. ಅಜ್ಜ ಅಂದ, ಅಪ್ಪ ಅಂದ, ಮಗನೂ ಅಂದ. ಇದೆ ಅಂದರೆ ಕಂದಾಯ ಬೀಳುತ್ತದಲ್ಲ! ಕವಳೇಹಳ್ಳಿ ಕೂಸು "ಅಮ್ಮ" ಅನ್ನುವ ಮೊದಲೇ "ಏನೂ ಇಲ್ಲ" ಅನ್ನುತ್ತದೆ ಅಂತ ಪಕ್ಕದೂರಿನವರು ನಗಾಡುತ್ತಿದ್ದರು.

ಒಂದು ದಿನ ಅರಮನೆಯ ಶ್ಯಾನುಭೋಗ ಬಂದ. ಕಾವಲಿನ ಅಂಚಿನಲ್ಲಿ ಕೂತು ಕಡತ ಬಿಚ್ಚಿದ. ಆ ದಾರಿಯಾಗಿ ಕುಂಬಾರ ಚಿಕ್ಕಣ್ಣ ಬಂದ, ತಲೆಯ ಮೇಲೆ ಕಟ್ಟೆಯ ಜೇಡಿಮಣ್ಣಿನ ಕುಕ್ಕೆ.

"ಈ ನೆಲ ನಿನಗೆ ಏನು ಕೊಡುತ್ತದಪ್ಪ?"

"ಏನೂ ಇಲ್ಲ ಬುದ್ಧಿ."

ಮಡಿವಾಳರ ಸಣ್ಣೀರಮ್ಮ ಬಂದಳು. ಅವಳ ಮಂಕರಿ ತುಂಬ ಚೌಳು ಮಣ್ಣು. ಬಟ್ಟೆಯ ಕೊಳೆ ತೆಗೆಯುವ ಮಣ್ಣು ಅದು.

"ಈ ನೆಲ ನಿನಗೆ ಏನು ಕೊಡುತ್ತದಮ್ಮ?"

"ಏನೂ ಇಲ್ಲ ಬುದ್ಧಿ."

ಮೂರನೆಯವಳು ಮಾಳಕ್ಕ. ಅವಳ ಹಿಂದೆ ನೂರಾ ಅರವತ್ತು ದನ, ಹೊಟ್ಟೆ ತುಂಬಿ ಮೆಲುಕು ಹಾಕುತ್ತ ನಿಂತಿದ್ದವು.

"ನಿನಗೇನಮ್ಮ ಕೊಡುತ್ತದೆ?"

"ಏನೂ ಇಲ್ಲ ಬುದ್ಧಿ."

"ಮತ್ತೆ ಇಷ್ಟು ದನ ಏನು ತಿಂತವೆ?"

"ಗಾಳಿ ಕುಡೀತವೆ ಬುದ್ಧಿ. ಇಲ್ಲಿನ ಗಾಳಿ ಬಲು ಚೆನ್ನಾಗದೆ."

ಶ್ಯಾನುಭೋಗ ನಗಲಿಲ್ಲ. "ಬೀಳು ನೆಲ, ಆದಾಯವಿಲ್ಲ" ಅಂತ ಬರೆದು ಕಡತ ಕಟ್ಟಿದ. ಅವತ್ತು ಸಂಜೆ ಅರಳಿಕಟ್ಟೆಯ ಮೇಲೆ ಮಾಳಕ್ಕನ ಮಾತಿಗೆ ಊರೇ ಬಿದ್ದು ಬಿದ್ದು ನಕ್ಕಿತು.

ನಗು ಹನ್ನೆರಡು ದಿನ ಇತ್ತು. ಹದಿಮೂರನೇ ದಿನ ಡಂಗುರ ಬಂತು.

"ಕೇಳ್ರಪ್ಪೋ ಕೇಳಿ! ಕವಳೇಹಳ್ಳಿ ಕಾವಲು ಯಾರಿಗೂ ಏನೂ ಕೊಡದ ಬೀಳು ನೆಲ. ಅದನ್ನ ಅರಸರು ಎಣ್ಣೆ ಸಾಹುಕಾರ ಚನ್ನಮಲ್ಲಪ್ಪನವರಿಗೆ ಮೂರು ಸಾವಿರ ವರಹಕ್ಕೆ ಕೊಡ್ತಾರೆ! ಹುಣ್ಣಿಮೆ ದಿನ ಹಣ ಕಟ್ಟಿ ನೇಗಿಲು ಹೂಡ್ತಾರೆ! ಆಮೇಲೆ ಒಳಗೆ ಕಾಲಿಟ್ಟವರಿಗೆ ದಂಡ!"

ಮಾಳಕ್ಕನ ಕೈಯ ಕೋಲು ಕೆಳಗೆ ಬಿತ್ತು. ಹುಣ್ಣಿಮೆಗೆ ಉಳಿದದ್ದು ಹತ್ತು ದಿನ. ದನಕ್ಕೆ ಹುಲ್ಲಿಲ್ಲ ಅಂದರೆ ಊರು ದನ ಮಾರುತ್ತದೆ. ದನವಿಲ್ಲದ ಊರಿಗೆ ದನ ಕಾಯುವವಳು ಯಾಕೆ? ಅದಕ್ಕಿಂತ ಹೆಚ್ಚಾಗಿ ಅವಳನ್ನು ಚುಚ್ಚಿದ್ದು ಬೇರೆ. ಆ ಕಡತದಲ್ಲಿ ಇದ್ದದ್ದು ಅವಳದೇ ಮಾತು.

ಕುಂಬಾರನ ಮನೆಗೆ ಓಡಿದಳು. "ಚಿಕ್ಕಣ್ಣ, ಬಾ, ಅರಸರ ಹತ್ರ ನಿಜ ಹೇಳೋಣ."

"ನಿಜಾನಾ? ಮೂರು ತಲೆಮಾರಿಂದ ಮಣ್ಣು ಹೊತ್ತಿದೀವಿ ಅಂದ್ರೆ ಮೂರು ತಲೆಮಾರಿನ ಕಂದಾಯ ಕೇಳ್ತಾರೆ. ಹೋಗಕ್ಕ, ನಾನೊಲ್ಲೆ."

ಮಡಿವಾಳರ ಮನೆಗೆ ಹೋದಳು. "ಸಣ್ಣೀರಿ, ನೀನಾದ್ರೂ ಬಾರೆ."

"ಸುಳ್ಳು ಹೇಳಿದ್ದು ಗೊತ್ತಾದ್ರೆ ಅರಮನೆ ಬಟ್ಟೆ ಕೈಬಿಟ್ಟು ಹೋಗ್ತದೆ ಕಣಕ್ಕ. ನಾನೊಲ್ಲೆ."

ಕುರುಬರ ಈರಬೊಮ್ಮಣ್ಣನ ಹಟ್ಟಿಗೆ ಹೋದಳು. ಊರಲ್ಲೆಲ್ಲ ಹಿರಿಯ, ಕುರಿ ಕಾಯುತ್ತಲೇ ಮುದುಕನಾದವನು. ಕಂಬಳಿ ಮೈತುಂಬ ಎಳೆದುಕೊಂಡು ಅಂದ: "ಗಾಳಿ ಕುಡೀತವೆ ಅಂದವಳು ನೀನು ತಾನೆ ತಾಯಿ? ಹೋಗು, ಗಾಳಿ ಕುಡಿಸು."

ಮೂರು ಬಾಗಿಲು, ಮೂರರಲ್ಲೂ ಇಲ್ಲ. ಏನು ಮಾಡುವುದು? ಮಾಳಕ್ಕ ಕೋಲು ಎತ್ತಿಕೊಂಡಳು. ಒಂದೂವರೆ ಹರಿದಾರಿ ನಡೆದು ಒಬ್ಬಳೇ ಅರಮನೆ ಬಾಗಿಲಿಗೆ ಹೋದಳು.

ಅರಸ ಕಡತ ತರಿಸಿದ. "ಊರಿಗೆ ಊರೇ ಏನೂ ಇಲ್ಲ ಅಂದಿದೆ. ನೀನೂ ಅಂದಿದ್ದೀಯ."

"ಅಂದೆ ದೊರೆ. ಸುಳ್ಳಂದೆ."

"ಅವತ್ತು ಸುಳ್ಳು ಹೇಳಿದವಳು ಇವತ್ತು ನಿಜ ಹೇಳ್ತಾಳೆ ಅಂತ ಹೇಗೆ ನಂಬಲಿ?"

ಮಾಳಕ್ಕನನ್ನು ಬುದ್ಧಿವಂತೆ ಅಂತ ಯಾರೂ ಕರೆದದ್ದಿಲ್ಲ. ಆದರೆ ಮೇವು ಬಿಟ್ಟ ಹಸುವಿಗೆ ಏನಾಗಿದೆ ಅಂತ ತಿಳಿಯಲು ಅವಳಿಗೊಂದು ದಾರಿ ಗೊತ್ತಿತ್ತು. ಒಂದೊಂದೇ ಮೇವು ನಿಲ್ಲಿಸಿ ನೋಡುವುದು.

"ನನ್ನನ್ನ ನಂಬಬೇಡಿ ದೊರೆ. ಊರನ್ನೂ ನಂಬಬೇಡಿ. ಕಾವಲು ಮುಚ್ಚಿ ನೋಡಿ. ಎಂಟು ದಿನ, ಸುತ್ತ ಕಾವಲುಗಾರರನ್ನ ನಿಲ್ಲಿಸಿ. ಒಂದು ಕುರಿ ಒಳಗೆ ಹೋಗಬಾರದು, ಒಂದು ಪುಳ್ಳೆ ಹೊರಗೆ ಬರಬಾರದು. ಏನೂ ಕೊಡದ ನೆಲ ಮುಚ್ಚಿದ್ರೆ ಯಾರಿಗೂ ಏನೂ ಆಗಬಾರದು, ಅಲ್ವೇ?"

"ಯಾರೂ ದೂರು ತರದಿದ್ದರೆ?"

"ಮಾರಿಬಿಡಿ. ನಾನು ಸೀಮೆ ಬಿಟ್ಟು ಹೋಗ್ತೀನಿ."

ಅರಸನಿಗೆ ಮಾತು ಹಿಡಿಸಿತು. ಮಾರನೇ ದಿನ ಕಾವಲಿನ ಸುತ್ತ ಈಟಿ ಹಿಡಿದವರು ನಿಂತರು.

ಮೊದಲ ದಿನ ಯಾರೂ ಬರಲಿಲ್ಲ. ಹೊಲದಲ್ಲಿ ಪೈರು ನಿಂತಿದೆ, ದನ ಬಿಡುವ ಹಾಗಿಲ್ಲ. ಕೊಟ್ಟಿಗೆಯಲ್ಲೇ ಕಟ್ಟಿದರು. ಎರಡನೇ ದಿನವೂ ಯಾರೂ ಬರಲಿಲ್ಲ. ದನ ಕೂಗಿದ್ದೇ ಕೂಗಿದ್ದು. ಹುಲ್ಲು ಹೊರೆಗೆ ಎರಡು ಹಣ ಕೊಟ್ಟು ಪಕ್ಕದೂರಿಂದ ತಂದರು. ಒಲೆಗೆ ಸೌದೆಯಿಲ್ಲ. ಸೂರಿನ ಗಳ ಮುರಿದು ಉರಿ ಹಾಕಿದರು. ಬಾಯಿ ಮಾತ್ರ ಬಿಡಲಿಲ್ಲ. ಎಂಥ ಊರು ನೋಡಿ! ನೀರು ಸೇದಲು ಬಂದ ಮಾಳಕ್ಕನಿಗೆ ಹೆಂಗಸರು ಮುಖ ತಿರುಗಿಸಿದರು.

"ನಿನ್ನ ಹಠಕ್ಕೆ ನಮ್ಮ ಸೂರು ಸುಟ್ಟುಕೊಂಡ್ವಿ ಕಣೆ!"

"ಹಾಗಂತ ಅರಸರ ಮುಂದೆ ಹೇಳು ಬಾ."

"ಅಯ್ಯೋ, ನಮಗೇನಾಗಿದೆ? ಏನೂ ಆಗಿಲ್ಲ."

ಮಾಳಕ್ಕ ರಾತ್ರಿ ಗುಡಿಸಲಲ್ಲಿ ಗಂಟು ಕಟ್ಟಿಟ್ಟಳು. ಒಂದು ಸೀರೆ, ಒಂದು ಹರಿವೆ ಬೀಜದ ಪೊಟ್ಟಣ, ಒಂದು ಮುದ್ದೆ ಕೋಲು. ಸೀಮೆ ಬಿಡುವುದಾದರೆ ಕೈಯಲ್ಲಿರಲಿ ಅಂತ.

ಊರು ಬಾಯಿ ಬಿಡಲಿಲ್ಲ, ಆದರೆ ಅರಮನೆಗೆ ಆ ಅಭ್ಯಾಸ ಇರಲಿಲ್ಲವಲ್ಲ! ಮೂರನೇ ದಿನ ಅರಸನ ರುಮಾಲು ಒಗೆದು ಬಂತು, ಹಳದಿ ಹಳದಿ. ಚೌಳು ಮಣ್ಣಿಲ್ಲ. ನಾಲ್ಕನೇ ದಿನ ರಾಣಿಯ ತಟ್ಟೆಗೆ ಬೆಣ್ಣೆ ಬರಲಿಲ್ಲ. ಹಸು ಬತ್ತಿವೆ. ಐದನೇ ದಿನ ಅಂಗಳ ಗುಡಿಸದೆ ಬಿದ್ದಿತ್ತು. ಪೊರಕೆ ಸವೆದಿದೆ, ಈಚಲು ಗರಿ ತರುವ ಹಾಗಿಲ್ಲ. ಒಂದೊಂದನ್ನೂ ಪೇಟೆಯಿಂದ ದುಡ್ಡು ಕೊಟ್ಟು ತರಿಸಿದರು. ಶ್ಯಾನುಭೋಗ ಬರೆಯುತ್ತ ಹೋದ.

ಆರನೇ ದಿನ ಮೊದಲ ದೂರು ಬಂತು. ತಂದವರು ಯಾರು ಗೊತ್ತೇ? ಕುಂಬಾರನಲ್ಲ, ಕುರುಬನಲ್ಲ. ಎಣ್ಣೆ ಸಾಹುಕಾರ ಚನ್ನಮಲ್ಲಪ್ಪ! ಬೆವರು ಒರೆಸುತ್ತ ಬಂದ.

"ದೊರೆ, ಅನ್ಯಾಯ! ನಿಮ್ಮ ಈಟಿಯವರು ನನ್ನ ಗಾಣದ ಎತ್ತು ತಡೆದಿದ್ದಾರೆ. ನಲವತ್ತು ಎತ್ತು ಹೊಟ್ಟೆಗಿಲ್ಲದೆ ಮಲಗಿವೆ. ಗಾಣ ನಿಂತಿದೆ!"

"ನಿಮ್ಮ ಎತ್ತು ಅಲ್ಲಿ ಏನು ಮಾಡುತ್ತಿದ್ದವು ಸಾಹುಕಾರರೆ?"

"ಮೇಯುತ್ತಿದ್ದವಂತೆ. ಆಳುಗಳು ಇಷ್ಟು ವರ್ಷ ಅಲ್ಲಿಗೇ ಹೊಡೀತಿದ್ದರಂತೆ. ನನಗೂ ನಿನ್ನೆಯೇ ತಿಳಿದದ್ದು."

"ಏನೂ ಕೊಡದ ನೆಲ ಅಂತ ಕೇಳಿದ್ದಿರಿ."

ಸಾಹುಕಾರ ಶ್ಯಾನುಭೋಗನ ಕಡೆ ಬೆರಳು ತೋರಿಸಿದ. "ಹಾಗಂತ ಕಡತದಲ್ಲಿತ್ತು ದೊರೆ."

ಈ ಸುದ್ದಿ ಸಂಜೆಯೊಳಗೆ ಕವಳೇಹಳ್ಳಿಗೆ ಮುಟ್ಟಿತು. ಸಾಹುಕಾರ ಹೋಗಿ ಇದೆ ಅಂದನಂತೆ. ಅವನಿಗೆ ದಂಡ ಹಾಕಲಿಲ್ಲವಂತೆ, ಬೆಲ್ಲ ನೀರು ಕೊಟ್ಟು ಕೂರಿಸಿದರಂತೆ! ಏಳನೇ ದಿನ ಬೆಳಕು ಹರಿಯುವಷ್ಟರಲ್ಲಿ ಊರಿಗೆ ಊರೇ ಅರಮನೆ ಮುಂದೆ ನಿಂತಿತ್ತು. ತಲೆಮಾರುಗಳಿಂದ ಕಟ್ಟಿದ್ದ ಬಾಯಿ, ಬಿಚ್ಚಿದ ಮೇಲೆ ನಿಲ್ಲುತ್ತದೆಯೇ?

"ನನಗೆ ಜೇಡಿಮಣ್ಣು ಬುದ್ಧಿ!"

"ನನಗೆ ಚೌಳು, ಮತ್ತೆ ಎಂಟು ಕತ್ತೆಗೆ ಮೇವು!"

"ಜೇನು ಬರಕೊಳ್ಳಿ ಬುದ್ಧಿ! ಬೇಲಿಗೆ ಮುಳ್ಳು, ಬಾಣಂತಿಗೆ ಬೇರು!"

"ಸಾಲಾಗಿ ಬನ್ರಪ್ಪಾ, ಒಬ್ಬೊಬ್ಬರೇ!" ಅಂತ ಶ್ಯಾನುಭೋಗ ಕೂಗಿದ. ಅವನ ಕಡತದ ಮಡಿಕೆ ಮುಗಿದು ಇನ್ನೊಂದು ತರಿಸಬೇಕಾಯಿತು.

ಕೊನೆಗೆ ಈರಬೊಮ್ಮಣ್ಣ ಕಂಬಳಿ ಸರಿಸಿ ನಿಂತ. "ದೊರೆ, ಇವರು ಹೇಳಿದ್ದೆಲ್ಲ ಕಣ್ಣಿಗೆ ಕಾಣೋದು. ಕಾಣದೇ ಇರೋದು ಒಂದಿದೆ. ಬಿದ್ದ ಮಳೆಯನ್ನ ಆ ಹುಲ್ಲಿನ ಬುಡ ಹಿಡಿದು ನೆಲಕ್ಕೆ ಇಳಿಸ್ತದೆ. ಕೆಳಗಿನ ಹದಿನಾಲ್ಕು ಬಾವಿಗೆ ನೀರಿನ ಊಟೆ ಅದೇ. ನಿಮ್ಮ ಅರಮನೆ ಬಾವಿಯೂ ಸೇರಿ. ಹುಲ್ಲು ಕಿತ್ತು ಉತ್ತರೆ ಎಂಟು ದಿನದಲ್ಲಿ ಗೊತ್ತಾಗಲ್ಲ. ಎಂಟು ವರ್ಷದಲ್ಲಿ ಗೊತ್ತಾಗ್ತದೆ."

ಸಾಹುಕಾರನೂ ಅಲ್ಲೇ ಇದ್ದ. ಅವನ ಬಾವಿಯೂ ಆ ಹದಿನಾಲ್ಕರಲ್ಲಿ ಒಂದು.

ಎಂಟನೇ ದಿನ ಶ್ಯಾನುಭೋಗ ಮೊತ್ತ ಓದಿದ. ಕಾವಲು ಕೊಡುತ್ತಿದ್ದುದನ್ನು ಊರೂ ಅರಮನೆಯೂ ಹೊರಗಿನಿಂದ ಕೊಂಡದ್ದಕ್ಕೆ ಎಂಟು ದಿನದಲ್ಲಿ ಆದ ಖರ್ಚು ಆರುನೂರು ವರಹ. ಬಾವಿಯ ನೀರು ಅದರಲ್ಲಿ ಸೇರಿಲ್ಲ.

"ಸಾಹುಕಾರರು ಕೊಡುವ ಮೂರು ಸಾವಿರ ಎಷ್ಟು ದಿನಕ್ಕೆ ಬರುತ್ತದೆ?" ಅಂತ ಅರಸ ಕೇಳಿದ.

"ನಲವತ್ತು ದಿನಕ್ಕೆ ದೊರೆ."

"ನಲವತ್ತೊಂದನೇ ದಿನಕ್ಕೆ?"

ಶ್ಯಾನುಭೋಗ ಕಡತ ಮಡಿಸಿದ. ಅರಸ ಸಾಹುಕಾರನ ಕಡೆ ನೋಡಿದ. ಸಾಹುಕಾರನೇ ಕೈಮುಗಿದ: "ನನಗೆ ಆ ನೆಲ ಬೇಡ ದೊರೆ. ಎತ್ತು ಬಿಡಲು ಅಪ್ಪಣೆಯಾದರೆ ಸಾಕು."

ಈಟಿಯವರು ಹೊರಟರು. ಊರು ಕೇಕೆ ಹಾಕಿತು. "ತಾಳಿ" ಅಂದ ಅರಸ. "ತಲೆಮಾರುಗಟ್ಟಲೆ ಸುಳ್ಳು ಹೇಳಿದ್ದೀರಿ. ಅದಕ್ಕೆ ದಂಡ ಆಗಲೇಬೇಕು. ಮಾಳಕ್ಕ, ನೀನೇ ಗೊತ್ತು ಮಾಡು. ನೀನೂ ಕೊಡತಕ್ಕದ್ದು."

"ದುಡ್ಡು ಬೇಡ ದೊರೆ, ನಮ್ಮಲ್ಲಿಲ್ಲ. ಇದು ನಿಜವಾಗಿ ಇಲ್ಲ. ವರ್ಷಕ್ಕೊಂದು ದಿನ ಮನೆಗೊಬ್ಬರು ಕಾವಲಿಗೆ ದುಡೀಲಿ. ಕಟ್ಟೆ ಹೂಳು ಎತ್ತಲಿ, ಕಳೆ ಕೀಳಲಿ."

"ಅಯ್ಯೋ ಪುಣ್ಯಾತ್ಗಿತ್ತಿ!" ಕುಂಬಾರ ಚಿಕ್ಕಣ್ಣ ಹಣೆ ಚಚ್ಚಿಕೊಂಡ. "ನೀನು ಸೀಮೆ ಬಿಟ್ಟಿದ್ರೇ ಚೆನ್ನಾಗಿತ್ತು!"

"ಬಿಟ್ಟಿದ್ರೆ, ಕಾವಲಲ್ಲಿ ತಪ್ಪಿಸಿಕೊಳ್ಳೋ ನಿನ್ನ ಕತ್ತೆ ಯಾರು ಹುಡುಕಿ ತರ್ತಿದ್ರು? ಹಾರೆ ಮಸೆದಿಟ್ಕೊ ಅಣ್ಣ, ಸೋಮವಾರ ಬೆಳಿಗ್ಗೆ" ಅಂದಳು ಮಾಳಕ್ಕ.

ಕೇಳಿದವರ ಹಟ್ಟಿ ತುಂಬಿರಲಿ, ಹೇಳಿದವರ ಗಂಟಲು ತಂಪಾಗಿರಲಿ, ಕತೆ ಮುಗಿಯಿತು. ಆ ಸೋಮವಾರದ್ದೊಂದು ಬಾಕಿ. ಕವಳೇಹಳ್ಳಿಯಲ್ಲಿ ಇದ್ದ ಮನೆ ನೂರಾ ಹದಿನಾಲ್ಕು. ಹಾರೆ ಹಿಡಿದು ಕಾವಲಿಗೆ ಬಂದವರು ನೂರಾ ಹದಿನಾರು: ಹೆಚ್ಚಿನವರಲ್ಲಿ ಒಬ್ಬ ಸಾಹುಕಾರನ ಕಡೆಯವನು, ಒಬ್ಬ ಅರಮನೆ ಕಡೆಯವನು.