ಪೊರಕೆ ಅಮ್ಮ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಟೈಲರಮ್ಮ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಕಣ್ಣು ಮುಚ್ಚಿದರೆ ಕಿವಿಗೇನು ರಜೆಯೇ? ಪಕ್ಕದ ಗಂಡುದನಿ ಯಾರದೆಂದು ಥಟ್ಟನೆ ಹೊಳೆಯಿತು. ಸ್ಟೇಜಿನ ಮೇಲೆ ನಗಿಸುವ, ಈಗ ಸಿನಿಮಾದಲ್ಲೂ ಕಾಣಿಸುವ ನಟ. ‘ಹುಡುಗನ್ನ ಪ್ರೀತಿಸ್ತೀನಿ ಅಂದೆ, ಅಮ್ಮ ಪೊರಕೆ ತಗೊಂಡು ಮನೆಯಿಂದಾಚೆ ಅಟ್ಟಿದ್ಲು’ ಎಂಬ ಅವನ ಜೋಕಿಗೆ ಇವಳೂ ಮಿಷನ್ ನಿಲ್ಲಿಸಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಈಗ ಅವನು ಜೊತೆಗೆ ಕೂತಿದ್ದ ತನ್ನ ಅಮ್ಮನನ್ನು ಕೇಳುತ್ತಿದ್ದ.

“ನರ್ಸ್ ಏನಮ್ಮ ಕೇಳಿದ್ದು?”

“ಪೊರಕೆ ಅಮ್ಮ ನೀವೇನಾ ಅಂತ.”

“ನೀನೇನಂದೆ?”

“ಹೂಂ ಅಂದೆ.”

“ಯಾಕಮ್ಮ? ನೀನು ಪೊರಕೆ ಮುಟ್ಟೇ ಇಲ್ಲ. ಆ ಹುಡುಗ ಖಾರ ತಿಂತಾನಾ ಅಂತ ಕೇಳಿದೆ, ಅಷ್ಟೇ.”

“ಅದಕ್ಕೆ ಯಾರು ನಗ್ತಾರೋ?”

“ಮುಂದಿನ ಶೋದಲ್ಲಿ ತೆಗೆದುಬಿಡ್ತೀನಮ್ಮ, ನಿನ್ನಾಣೆ.”

“ಹೋದ ವರ್ಷಾನೂ ನನ್ನಾಣೆನೇ ಇಟ್ಟಿದ್ದೆ.”

ಒಳಗಿನಿಂದ ಟೋಕನ್ ನಂಬರು ಕೂಗಿದರು. ಬೆಂಚು ಕಿರುಗುಟ್ಟಿತು. ಅಮ್ಮನ ದನಿ ಬಾಗಿಲಿನತ್ತ ಸರಿಯಿತು.

“ಭಾನುವಾರ ಅವನನ್ನ ಊಟಕ್ಕೆ ಕರ್ಕೊಂಡು ಬಾ. ಹಿಂದಿನ ಬಾಗಿಲಿಂದ ಬನ್ನಿ.”

“ಯಾಕಮ್ಮ, ಈಗ ನಾಚಿಕೆ ಆಗುತ್ತಾ?”

“ನಂಗ್ಯಾಕೋ ನಾಚಿಕೆ? ನಾನು ಅವನಿಗೆ ಬಡಿಸೋದನ್ನ ಅಕ್ಕಪಕ್ಕದವರು ನೋಡಿದ್ರೆ, ನಿನ್ನನ್ನ ಸುಳ್ಳ ಅಂತಾರೆ.”