ಒಂದು ಕೈ ಯಾವಾಗಲೂ ಹಗ್ಗಕ್ಕೆ

ಕ್ಯಾಮೆರಾ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಮ್ಮ ನಿಂತಿದ್ದರು. ಅಕ್ಕನದು ಫೋಟೊ ಸ್ಟುಡಿಯೊ. ತಮ್ಮ ತೂಗುಸೇತುವೆಗೆ ಬಣ್ಣ ಬಳಿಯುವವನು. ಉಗುರಿನ ಸಂದಿಯಲ್ಲೆಲ್ಲ ಬೂದುಬಣ್ಣ. ಕೌಂಟರಿನ ಗಾಜಿನ ಮೇಲೆ ಎರಡು ಕ್ಯಾಮೆರಾ: ಒಂದು ಜೇಬಿಗೆ ಹೋಗುವಂಥದ್ದು, ಇನ್ನೊಂದು ಉದ್ದ ಲೆನ್ಸಿನ ದೊಡ್ಡದು.

"ತಗೊಂಡ್ರೆ ದೊಡ್ಡದೇ ತಗೋ. ನನ್ನ ಕ್ಯಾಮೆರಾ ಸೇತುವೆಗೆ ಒಯ್ದು ರುಚಿ ಹತ್ತಿದೆಯಲ್ಲ."

"ಈ ಚಿಕ್ಕದ್ರಲ್ಲೂ ಸೆನ್ಸರ್ ದೊಡ್ಡದೇ ಅಂತೆ ಅಕ್ಕ, ಫೋಟೊ ಅಷ್ಟೇ ಚೆನ್ನಾಗಿ ಬರುತ್ತಂತೆ."

"ಲೆನ್ಸ್ ಬದಲಾಯಿಸೋಕಾಗಲ್ಲ ಕಣೋ."

"ಸೇತುವೆ ಕಂಬದ ಮೇಲೆ ನಿಂತು ಯಾರು ಬದಲಾಯಿಸ್ತಾರೆ? ಮೊನ್ನೆ ನಿನ್ನದ್ರಲ್ಲಿ ತೆಗೆದಿದ್ದು, ನೋಡು."

ಅವನು ಫೋನು ಚಾಚಿದ. ನನಗೂ ಕಂಡಿತು. ಕೆಳಗೆ ನದಿಯಿಲ್ಲ, ಬರೀ ಮಂಜು. ಮಂಜಿನ ಮೇಲೆ ಸೇತುವೆಯ ಕಂಬದ ನೆರಳು, ಅದರ ತುದಿಯಲ್ಲಿ ಇವನ ನೆರಳು, ಅದರ ತಲೆಯ ಸುತ್ತ ದುಂಡಗೆ ಕಾಮನಬಿಲ್ಲು.

"ಅಬ್ಬಬ್ಬಾ! ಇದು ನೀನೇನೋ?"

"ನಾನೇ. ಹದಿನೆಂಟು ವರ್ಷದಿಂದ ಹತ್ತಿಳೀತಿದೀನಿ, ಇಂಥದ್ದು ಕಂಡಿರ್ಲಿಲ್ಲ. ಮೈ ಜುಂ ಅಂತು."

ಅಕ್ಕ ಕಣ್ಣು ಕೀಳದೆ ನೋಡಿದಳು.

"ನೆರಳಲ್ಲಿ ಎರಡೂ ಮೊಣಕೈ ಹೊರಗೆ ಚಾಚಿದೆ, ಎರಡೂ ಕೈ ಕ್ಯಾಮೆರಾ ಮೇಲೇ. ಹಗ್ಗ ಯಾವ ಕೈಲಿ ಹಿಡಿದಿದ್ದೆ?"

"ಹಿಡಿದಿರ್ಲಿಲ್ಲ. ಮನೆಗೆ ಬಂದು ಫೋಟೊ ನೋಡಿದ ಮೇಲೇ ನಂಗೂ ಗೊತ್ತಾಗಿದ್ದು. ಒಂದು ಕೈ ಯಾವಾಗ್ಲೂ ಹಗ್ಗಕ್ಕೆ ಅಂತ ಹೊಸಬರಿಗೆ ಹೇಳಿಕೊಡೋನೇ ನಾನು."

ಅಕ್ಕ ಚಿಕ್ಕ ಕ್ಯಾಮೆರಾವನ್ನು ಅವನ ಬಲಗೈಯಲ್ಲಿಟ್ಟು, ಎಡಗೈಯನ್ನು ತಾನು ಹಿಡಿದುಕೊಂಡಳು.

"ಈಗ ಒತ್ತು."

ಕ್ಲಿಕ್ಕೆಂದಿತು.

"ಇದನ್ನೇ ಕೊಡಿ," ಎಂದಳು ಅಂಗಡಿಯವರಿಗೆ.

ಬಾಗಿಲು ದಾಟಿ ಹೋಗುವಾಗಲೂ ಅವಳು ಆ ಎಡಗೈ ಬಿಟ್ಟಿರಲಿಲ್ಲ.