ಹನ್ನೆರಡು ಜನ ಇರಲಿಲ್ಲ ಅಲ್ಲಿ

...ಇಲ್ಲ ಪುಟ್ಟ, ಹನ್ನೆರಡು ಜನ ಎಲ್ಲಿಂದ ಬರಬೇಕು ಆ ಕೋರ್ಟಲ್ಲಿ? ಮೂರು ಜನ ಜಡ್ಜುಗಳು, ಪಕ್ಕದಲ್ಲೊಬ್ಬ ತರ್ಜುಮೆ ಮಾಡೋನು, ಅಷ್ಟೇ. ಈ ಜ್ಯೂರಿ ಗೀರಿ ಎಲ್ಲ ನಿಮ್ಮ ಸ್ಕೂಲಿನ ನಾಟಕದಲ್ಲಿ. ಏನಂದೆ ಆಗ್ಲೇ, ಕೂರೋರು ಯಾರಿಗೂ ಸಂಬಂಧ ಇರಬಾರದು ಅಂತ ಅಲ್ವಾ? "ಯೆಸ್ ಅಜ್ಜಿ, ದೇ ಮಸ್ಟ್ ಬಿ ಸ್ಟ್ರೇಂಜರ್ಸ್. ಗುರುತಿದ್ರೆ ಆಚೆ ಕಳಿಸ್ತಾರೆ. ಆಮೇಲೆ ಒಂದೇ ರೂಮಲ್ಲಿ ಕೂತು ಮಾತಾಡಿ ಎಲ್ರೂ ಒಪ್ಪಬೇಕು." ನೋಡು, ಎಷ್ಟು ಚೆನ್ನಾಗಿದೆ. ನನ್ನನ್ನ ಒಳಗೆ ಕರೆದಿದ್ದೇ ಸಂಬಂಧ ಇತ್ತು ಅಂತ.

ಕಚ್ಚಾ ಎಣ್ಣೆ ರೇಟು ಬಿದ್ದಿತ್ತಲ್ಲ, ಆ ವರ್ಷ. ನೀನಿನ್ನೂ ಅಂಬೆಗಾಲು... ಅಲ್ಲಲ್ಲ, ನಡೀತಿದ್ದೆ. ಗಲ್ಫಲ್ಲಿ, ವಾದಿ ಅದಾಯ್‌ನಲ್ಲಿ ನಮ್ಮ ಮನೆ, ಕೆಳಗೆ ಗ್ಯಾರೇಜು, ದಿನವಿಡೀ ಟಣಟಣ. ನಿಮ್ಮ ತಾತನಿಗೆ ದೂರದ ದುಕ್ಮ್ ಊರಲ್ಲಿ ಕೆಲಸ, ವಾರವೆಲ್ಲ ಕ್ಯಾಂಪಲ್ಲಿರೋರು, ಶುಕ್ರವಾರ ರಜೆ ಅಂತ ಗುರುವಾರ ಸಾಯಂಕಾಲ ಕಂಪನಿ ಬಸ್ಸಲ್ಲಿ ಬರೋರು. ಬಸ್ ಓಡಿಸ್ತಿದ್ದೋನು ಹಮೀದ್, ಉಪ್ಪಿನಂಗಡಿ ಕಡೆಯ ಬ್ಯಾರಿ ಹುಡುಗ. ತಾತನ್ನ ಇಳಿಸಿ, ಮೇಲೆ ಬಂದು ಕಾಫಿ ಕುಡಿದೇ ಹೋಗೋನು. "ಅಕ್ಕ, ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿ ಆಯ್ತಾ" ಅನ್ನೋನು. ಅಷ್ಟರಲ್ಲಿ ಕಂಪನೀಲಿ ಜನರನ್ನ ಕೆಲಸದಿಂದ ಕಳಿಸೋಕೆ ಶುರು ಮಾಡಿದ್ರು. ಇವತ್ತು ಇವನಿಗೆ ಖಲಾಸ್, ನಾಳೆ ಅವನಿಗೆ ಖಲಾಸ್. ಇನ್ನೊಬ್ಬ ಡ್ರೈವರ್ ಇದ್ನಲ್ಲ, ಅವನನ್ನೂ ಕಳಿಸಿಬಿಟ್ಟು ಇಬ್ಬರ ಡ್ಯೂಟೀನೂ ಹಮೀದನ ತಲೆ ಮೇಲೆ ಹಾಕಿದ್ರು. ಕಾಫಿ ಲೋಟ ಕೈಲಿ ಹಿಡ್ಕೊಂಡೇ ತೂಕಡಿಸೋನು ಪಾಪ. "ಮಲಗಲಿ ಬಿಡೇ, ಎಬ್ಬಿಸಬೇಡ" ಅನ್ನೋರು ತಾತ. ಕೊನೆಗೆ ಅದೇ ಬಸ್ಸಲ್ಲೇ ಹೋದ್ರು ನೋಡು. ದಾರೀಲಿ ಪಲ್ಟಿ ಹೊಡೀತು. ಮಿಕ್ಕೋರಿಗೆ ಕೈಯೋ ಕಾಲೋ ಮುರೀತು, ಇವರೊಬ್ಬರೇ... ಹ್ಞೂ.

ತಿಥಿ ಮುಗಿಯೋಕೆ ಮುಂಚೇನೇ ಕಂಪನಿ ಆಫೀಸಿನೋರು ಬಂದ್ರು, ನಮ್ಮ ಮೈಸೂರು ಕಡೆಯೋರೇ. "ಒಂಟೆ ಅಡ್ಡ ಬಂತಂತೆ ಅಮ್ಮ. ದೈವೇಚ್ಛೆ. ಯಾರನ್ನ ಏನನ್ನೋಕಾಗತ್ತೆ?" ಅಂದ್ರು. ನಾನೂ ನಂಬಿದೆ ಕಣೋ. ಒಂಟೆ ಮೇಲೆ ಏನಂತ ಕೋಪ ಮಾಡ್ಕೊಳ್ಳಲಿ?

ಹಮೀದನ ಮೇಲೆ ಕೇಸಾಗಿತ್ತು, ಕೋರ್ಟಿಗೆ ನಿಮ್ಮಪ್ಪನ ಜೊತೆ ಹೋದೆ. ಹಮೀದ ನಿಂತಿದ್ದ, ಮುಖ ಬತ್ತಿ ಹೋಗಿತ್ತು. ಏನಾಯ್ತು ಹೇಳು ಅಂದ್ರು ಜಡ್ಜು. ತರ್ಜುಮೆಯೋನಿಗೆ ಹಿಂದೀಲಿ ಹೇಳಬೇಕಾದೋನು ನನ್ನ ಮುಖ ನೋಡಿಬಿಟ್ಟ. ನೋಡಬಾರದಿತ್ತು, ನೋಡದೇ ಇದ್ದಿದ್ರೆ ಒಂಟೆ ಅಂತಾನೇ ಹೇಳ್ತಿದ್ದನೋ ಏನೋ. ಕನ್ನಡದಲ್ಲಿ ನನಗೇ ಹೇಳಿದ, "ಒಂಟೆ ಎಂತದೂ ಇರಲಿಲ್ಲ ಅಕ್ಕ. ನನಗೆ ನಿದ್ದೆ ಬಂತು." ತರ್ಜುಮೆಯೋನು "ಕ್ಯಾ ಬೋಲಾ?" ಅಂದ. ಹಿಂದೀಲೂ ಅದನ್ನೇ ಹೇಳಿದ. ನನಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಆಗ ಜಡ್ಜು ನನ್ನ ಕಡೆ ತಿರುಗಿದ್ರು. ಸತ್ತೋರ ಮನೆಯೋರು ಕ್ಷಮಿಸ್ತೀರಾ, ಕ್ಷಮಿಸಿದ್ರೆ ಇವನ ಶಿಕ್ಷೆ ಕಡಿಮೆ ಆಗತ್ತೆ, ಅಂತ ತರ್ಜುಮೆಯೋನ ಕೈಲಿ ಕೇಳಿಸಿದ್ರು. ನಿಮ್ಮಪ್ಪನ್ನ ನೋಡಿದ್ರೆ, "ನೀನು ಹೇಳಿದ ಹಾಗೆ ಅಮ್ಮ" ಅಂದುಬಿಟ್ಟ. ಪಕ್ಕದಲ್ಲಿ ಇನ್ನೂ ಹನ್ನೊಂದು ಜನ ಇದ್ದಿದ್ರೆ ಅವರನ್ನಾದ್ರೂ ಕೇಳ್ತಿದ್ದೆ. ನಾನೊಬ್ಬಳೇ. ಕೊನೆಗೆ ಒಂದು ಮಾತು ಕೇಳಿದೆ, "ಇವನನ್ನ ಮಲಗೋಕೆ ಬಿಡದೆ ಓಡಿಸಿದ್ರಲ್ಲ, ಅವರೆಲ್ಲಿ? ಅವರನ್ನೂ ನಿಲ್ಲಿಸಿ." ತರ್ಜುಮೆ ಆಯ್ತು. ಜಡ್ಜು ಮೆಲ್ಲಗೆ ಏನೋ ಅಂದ್ರು. ಈ ಕೇಸಲ್ಲಿ ಅವರಿಲ್ಲಮ್ಮ, ಇವನೊಬ್ಬನೇ, ಅಂತ.

ಕ್ಷಮಿಸಿದೆ ಅಂದೆ. ಅನ್ನೋವಾಗ್ಲೂ ಸಿಟ್ಟು ಆರಿರಲಿಲ್ಲ, ಸುಳ್ಯಾಕೆ ಹೇಳಲಿ. ಅದು ನಿಮ್ಮ ಪಾಲಿನ ಕ್ಷಮೆ, ಸರ್ಕಾರದ ಪಾಲಿನ ಶಿಕ್ಷೆ ಇದ್ದೇ ಇದೆ ಅಂತ ಹೇಳಿ ಅವನನ್ನ ಕರ್ಕೊಂಡು ಹೋದ್ರು. ಜೈಲು ಮುಗಿಸಿ ಊರಿಗೆ ಹೋದನಂತೆ, ಸ್ಟೀರಿಂಗ್ ಮತ್ತೆ ಮುಟ್ಟಲಿಲ್ಲವಂತೆ. ಒಂಟೆ ಅಂದಿದ್ರೆ ಬಚಾವಾಗ್ತಿದ್ದ.

ನಾನು ಕ್ಷಮಿಸಿದ್ದು ಸರೀನಾ ಅಲ್ವಾ, ಇವತ್ತಿಗೂ ಗೊತ್ತಿಲ್ಲ ಪುಟ್ಟ. ಒಂದು ಗುರುವಾರ ಸರಿ ಅನ್ಸತ್ತೆ, ಇನ್ನೊಂದು ಗುರುವಾರ ತಾತನ ಲೋಟ ಕಣ್ಣಿಗೆ ಬಿದ್ರೆ ಇಲ್ಲ ಅನ್ಸತ್ತೆ. ನಾಳೆ ನಾಟಕದಲ್ಲಿ ಜ್ಯೂರಿಯಾಗಿ ಕೂತಾಗ ನೀನು ದಡಬಡ ಕೈ ಎತ್ತಬೇಡ. ನಿದ್ದೆ ಮಾಡಿದೋನು ಎದುರಿಗೇ ನಿಂತಿರ್ತಾನೆ, ಅವನನ್ನ ಬೈಯೋದು ಸುಲಭ. ಮಲಗೋಕೆ ಬಿಡದೇ ಇದ್ದೋರು ಯಾರು ಅಂತ ಮೊದ್ಲು ಕೇಳು. ಹೋಗು, ಹಾಲು ಆರಿಹೋಗತ್ತೆ.